ಪಾರ್ಕಿಗೆ ಅಕ್ಷತೆ

ಪಕ್ಕದ ಮನೆಯ ಮಾಸ್ತರರ ಜನಿವಾರದಲ್ಲಿ ಕಬ್ಬಿಣದ ಬೀಗದಕೈಯೊಂದು ನೇತಾಡುತ್ತಿತ್ತು. ಅದರ ತುಕ್ಕು ತಾಗಿ ಎದೆಯ ಬಿಳಿಕೂದಲು ಅಲ್ಲಷ್ಟೇ ಕೆಂಪಗಾಗಿತ್ತು. ಶೃಂಗೇರಿಯ ನಮ್ಮ ಹಳೇ ಕೇರಿಯ ಹಿಂದೆ, ತುಂಗೆಯ ದಡದಲ್ಲಿರುವ ಪಾರ್ಕಿನ ಕೀಲಿ ಅದು. ಮೂರು ಸಿಮೆಂಟು ಬೆಂಚು, ಎರಡು ನಂದಿಬಟ್ಟಲು, ನೀರಿಗಿಳಿಯಲು ಏಳು ಮೆಟ್ಟಿಲು. ಇಷ್ಟಕ್ಕೇ ಪಾರ್ಕೆಂದು ಹೆಸರು. ಯಾತ್ರಿಕರಿಗೆ ಅದು ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ಪ್ರವೇಶವಿರಲಿಲ್ಲ.

ಈ ನಿವೃತ್ತ ಪೋಸ್ಟ್ ಮಾಸ್ತರರನ್ನು ಪಾರ್ಕಿಗೆ ಯಾರೂ ನೇಮಿಸಿರಲಿಲ್ಲ. ಆದ್ದರಿಂದ ತೆಗೆದುಹಾಕುವ ಅಧಿಕಾರವೂ ಯಾರಿಗೂ ಇರಲಿಲ್ಲ. ದಿನಾ ಗುಡಿಸಿ, ಗಿಡಕ್ಕೆ ನೀರೆರೆದು, ಬೆಂಚು ಒರೆಸುವರು. ಕೂರಲು ಹೋದರೆ, "ಈಗಷ್ಟೇ ಒರೆಸಿದ್ದು ಮಾರಾಯ. ನಿಮ್ಮನೇಲಿ ಜಗಲಿ ಇಲ್ವಾ?" ಎನ್ನುವರು. ಚಪ್ಪಲಿ ಗೇಟಿನ ಹೊರಗೆ. ಕಡಲೆಕಾಯಿ ಸರ್ವಥಾ ನಿಷಿದ್ಧ.

ಎರಡು ಸಾವಿರದ ಐದೋ ಆರೋ ಇರಬೇಕು, ಪಟ್ಟಣ ಪಂಚಾಯಿತಿಯ ಇಂಜಿನಿಯರೊಬ್ಬರು ಬಂದು ಖಾಲಿ ಬೆಂಚುಗಳನ್ನು ನೋಡಿದರು. "ಜನವೇ ಬರಲ್ಲವಲ್ಲ. ವ್ಯಾನು ನಿಲ್ಲಿಸೋಕೆ ಜಾಗ ಮಾಡಬಹುದು. ಸೋಮವಾರ ಇನ್ನೊಮ್ಮೆ ನೋಡಿ ರಿಪೋರ್ಟ್ ಬರೀತೇನೆ" ಎಂದು ಹೋದರು.

ಆ ದಿನ ಮಾಸ್ತರರು ಊಟ ಬಿಟ್ಟರು. ಮರುದಿನ ಶಲ್ಯ ಹೊದ್ದು, ಹೆಂಡತಿಯ ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿಸಿ, ಮನೆಮನೆಗೆ ಅಕ್ಷತೆ ಕೊಡುತ್ತ ಹೊರಟರು. "ಸೋಮವಾರ ಹತ್ತೂವರೆಗೆ ಪಾರ್ಕಿಗೆ. ಮನೆಮಂದಿ ಎಲ್ಲ ಬರಬೇಕು." ಬೇರೆ ಬಗೆಯಲ್ಲಿ ಕರೆದು ಅವರಿಗೆ ಅಭ್ಯಾಸವಿರಲಿಲ್ಲ. ಅಕ್ಷತೆ ಬಂದ ಮೇಲೆ ಒಲೆ ಹಚ್ಚುವ ಅಭ್ಯಾಸ ನಮ್ಮ ಕೇರಿಗೂ ಇರಲಿಲ್ಲ.

ಸೋಮವಾರ ರೇಷ್ಮೆ ಸೀರೆ, ಜರಿ ಪಂಚೆಗಳಲ್ಲಿ ಇಡೀ ಕೇರಿ ಬಂತು. ಬೆಂಚುಗಳನ್ನು ಬಿಟ್ಟು ನೆಲದಲ್ಲೇ ಎದುರುಬದುರು ಎರಡು ಪಂಕ್ತಿಯಾಗಿ ಕೂತೆವು. ಕೇರಿಯ ಹಿರಿಯಜ್ಜಿ, ಮೂವತ್ತು ದಾಟಿದ ನನ್ನನ್ನು ಕರೆದು, "ಎಂತ ಮಾಣಿ, ಎಲೆ ಹಾಕೂದು ಎಷ್ಟೊತ್ತಿಗೆ?" ಎಂದರು. ನನಗೂ ಅದೇ ಯೋಚನೆ.

ಇಂಜಿನಿಯರು ಗೇಟಿನಲ್ಲಿ ನಿಂತರು. "ಏನಿದು, ಉಪನಯನವೇ?"

"ಪಾರ್ಕು, ಸಾರ್. ಜನ ಕೂತಿದ್ದಾರೆ," ಎಂದರು ಮಾಸ್ತರರು. "ಬೂಟು ಹೊರಗೆ."

ಅವರು ಬೂಟು ಬಿಚ್ಚಿ ಒಳಗೆ ಬಂದು, ಸಾಲು ನೋಡಿ, 'ಸಾರ್ವಜನಿಕರು ಬಳಸುತ್ತಿದ್ದಾರೆ' ಎಂದು ಬರೆದುಕೊಂಡು ಹೋದರು. ಸಾರ್ವಜನಿಕರು ಮಾತ್ರ ಏಳಲಿಲ್ಲ.

"ಊಟ?" ಎಂದರು ಅಜ್ಜಿ.

ಮಾಸ್ತರರ ಮುಖ ಬಿಳುಚಿತು. "ಇನ್ನೊಂದು ದಿನ, ಅಜ್ಜಿ. ಖಂಡಿತ ಹಾಕಿಸ್ತೇನೆ."

ಅಂದಿನಿಂದ ಅವರು ಯಾರನ್ನೂ ಬೆಂಚಿನಿಂದ ಎಬ್ಬಿಸಲಿಲ್ಲ. ಕರೆದು ಊಟ ಹಾಕದವನಿಗೆ 'ಏಳಿ' ಎನ್ನುವ ಬಾಯಿ ಎಲ್ಲಿಂದ ಬರಬೇಕು? ನಾವು ಸಂಜೆ ಸಂಜೆ ಕೂತೆವು, ಕಡಲೆಕಾಯಿಯನ್ನೂ ತಿಂದೆವು. ಅವರು ದೂರದಲ್ಲಿ ನಿಂತು ಸಿಪ್ಪೆಗಳನ್ನು ನೋಡುತ್ತ ಸಹಿಸಿದರು.

ಎರಡು ವರ್ಷದ ನಂತರ ಅವರು ಹೋದರು. ಹದಿಮೂರನೆಯ ದಿನ ಅವರ ಮನೆಯಲ್ಲಿ ಅದೇ ಎರಡು ಪಂಕ್ತಿ, ಈ ಸಲ ಎಲೆ ಸಮೇತ. ಅಜ್ಜಿ ಎರಡನೇ ಹೋಳಿಗೆ ಹಾಕಿಸಿಕೊಂಡು, "ಮಾತು ಉಳಿಸಿಕೊಂಡ, ಪಾಪ," ಎಂದು ಕಣ್ಣೊರೆಸಿಕೊಂಡರು.

ಕೈ ತೊಳೆದು ನಾನು ಪಾರ್ಕಿಗೆ ನಡೆದೆ. ಗೇಟು ತೆರೆದೇ ಇತ್ತು. ಚಪ್ಪಲಿ ಹೊರಗೆ ಬಿಟ್ಟೆ. ಧೂಳು ಹಿಡಿದ ಬೆಂಚನ್ನು ಶಲ್ಯದಿಂದ ಒರೆಸಿದೆ. ಒರೆಸಿದ ಮೇಲೆ ಕೂರಲು ಮನಸ್ಸು ಬರಲಿಲ್ಲ.