ನಂಜುಂಡಯ್ಯನವರ ಬೋಗುಣಿ

ಅಥವಾ ಕಾರ್ಖಾನೆಯ ಆ ನೀರಿನ ತೊಟ್ಟಿ ಚೌಕವಾಗಿತ್ತೋ? ನನ್ನ ನೆನಪಿನಲ್ಲಿ ಅದು ದುಂಡಗಿದೆ. ಆದರೆ ಅದೇ ನೆನಪಿನಲ್ಲಿ ನನಗೆ ತಲೆತುಂಬ ಕೂದಲೂ ಇದೆ, ಎರಡನ್ನೂ ನೀವು ನಂಬಬೇಕಾಗಿಲ್ಲ. ಮೊನ್ನೆ ಕೆರೆ ಏರಿಯ ಬೆಂಚೊಂದರ ಮೇಲೆ ‘ನೀರಿನ ಬಳಿ ಕುಳಿತರೆ ಮನಸ್ಸಿಗೆ ನೆಮ್ಮದಿ’ ಎಂದು ಬರೆದದ್ದನ್ನು ಓದಿದಾಗಿನಿಂದ ಆ ತೊಟ್ಟಿ ತಲೆ ಬಿಟ್ಟು ಹೋಗುತ್ತಿಲ್ಲ.

ಎಪ್ಪತ್ತರ ದಶಕದ ಕೊನೆ, ಪೀಣ್ಯದ ಒಂದು ಕಾರ್ಖಾನೆ. ಲೇತ್ ಯಂತ್ರದ ಮುಂದೆ ನಾನು, ನನ್ನ ಬೆನ್ನ ಹಿಂದೆ ಫೋರ್‌ಮನ್ ನಂಜುಂಡಯ್ಯ. ಇಪ್ಪತ್ತು ವರ್ಷ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಅವರಿಗೆ ಮೆಲುದನಿ ಎನ್ನುವುದೇ ಉಳಿದಿರಲಿಲ್ಲ. ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು. ಈ ಗಂಟಲಿನಿಂದಲೇ ಮಗಳು ಸರೋಜಳ ಎರಡು ಸಂಬಂಧ ತಪ್ಪಿದ್ದವು. “ಕಾಫಿ ತಗೊಳ್ಳಿ” ಅಂದದ್ದಕ್ಕೆ ಒಬ್ಬ ವರ ಎದ್ದು ಚಪ್ಪಲಿ ಮೆಟ್ಟಿಕೊಂಡನಂತೆ. ಮೂರನೆಯವರು ಭಾನುವಾರ ಬರುವವರಿದ್ದರು.

ಕಾರ್ಖಾನೆಯ ಡಾಕ್ಟರು, “ದಿನಾ ಅರ್ಧ ಗಂಟೆ ನೀರಿನ ಹತ್ರ ಕೂತ್ಕೊಳ್ಳಿ, ಮನಸ್ಸು ತಣ್ಣಗಾಗುತ್ತೆ, ದನೀನೂ ಇಳಿಯುತ್ತೆ” ಅಂದರು. ಶಿಫ್ಟಿನ ನಡುವೆ ಕೆರೆ ಎಲ್ಲಿಂದ ತರೋಣ? ಬೆಂಕಿ ಬಿದ್ದರೆ ಆರಿಸಲು ಕಟ್ಟಿದ್ದ ಸಿಮೆಂಟು ತೊಟ್ಟಿಯ ಪಕ್ಕ ಊಟದ ಹೊತ್ತಿನಲ್ಲಿ ಸ್ಟೂಲು ಹಾಕಿಕೊಂಡು ಕೂತರು.

“ಮೀನು ಬಿತ್ತಾ ಸಾರ್?” ಅಂದ ಯಾರೋ.

“ಶಾಂತವಾಗಿ ಕೂತಿದೀನಿ ಕಣೋ, ಕಾಣಲ್ವಾ!”

ಛಾವಣಿಯ ಶೀಟಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಭಾನುವಾರ ಅವರು ನಡುಮನೆಯಲ್ಲಿ ತಮ್ಮ ಕುರ್ಚಿಯ ಎದುರಿಗೇ ಹಿತ್ತಾಳೆ ಬೋಗುಣಿ ತುಂಬ ನೀರಿಟ್ಟುಕೊಂಡಿದ್ದರು. “ನಾನು ಕೂಗಿದ್ರೆ ಕಾಲು ತುಳಿ” ಎಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ವರನ ತಂದೆ ಬಸ್ ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದವರು ಬೋಗುಣಿ ನೋಡಿ ಕರಗಿಹೋದರು.

“ಈ ಕಾಲದಲ್ಲೂ ಕಾಲಿಗೆ ನೀರು ಕೊಡೋರಿದಾರಲ್ಲ, ಬೀಗರೇ!”

ಹೇಳಿ, ಕೂತು, ಎರಡೂ ಕಾಲು ಅದರೊಳಗೆ ಇಳಿಸಿಬಿಟ್ಟರು.

ಒಳಮನೆಯ ಬಾಗಿಲಲ್ಲಿ ಸರೋಜ ಕಣ್ಣು ಮುಚ್ಚಿಕೊಂಡಳು. ನಾನು ಗಾಬರಿಯಲ್ಲಿ, ಕೂಗುವ ಮೊದಲೇ, ನಂಜುಂಡಯ್ಯನವರ ಕಾಲನ್ನು ಬಲವಾಗಿ ತುಳಿದೆ. ಅವರು ಬಾಯಿ ತೆರೆದರು. ಬೋಗುಣಿಯಲ್ಲಿ ನಿಧಾನವಾಗಿ ಆಡುತ್ತಿದ್ದ ವರನ ತಂದೆಯ ಕಾಲ್ಬೆರಳುಗಳನ್ನೇ ನೋಡಿದರು. ಆಮೇಲೆ, ನಾನು ಕಿವಿ ಹತ್ತಿರ ತರಬೇಕಾದಷ್ಟು ಮೆಲ್ಲಗೆ, “ತಣ್ಣಗಿದೆಯಾ?” ಅಂದರು.

“ಹಾಯಾಗಿದೆ ಕಣ್ರೀ.”

ವರನ ತಂದೆ ಕಾಲು ತೆಗೆಯಲೇ ಇಲ್ಲ. ಕಾಫಿ, ಜಾತಕ, ಮುಹೂರ್ತ ಎಲ್ಲವೂ ಕಾಲು ಬೋಗುಣಿಯಲ್ಲಿ ನೆನೆಯುತ್ತಿರುವಾಗಲೇ ಮುಗಿದವು. ಮದುವೆ ನಿಶ್ಚಯವಾಯಿತು. ಸೋಮವಾರ ಬೆಳಿಗ್ಗೆ ಫೋರ್‌ಮನ್ನರು ಎಂದಿನಂತೆ ನನ್ನ ಮೇಲೆ ಗುಡುಗಿದರು.

ಆದರೆ ಆ ಒಂದು ತಾಸು ಅವರು ಪಿಸುಗುಟ್ಟಿದ್ದು ನಿಜ. ನಿಜವೆಂದೇ ಅಂದುಕೊಂಡಿದ್ದೇನೆ. ಅದು ನೀರು ನೋಡಿದ ಫಲವೋ, ಮಗಳ ಮುಖ ನೋಡಿದ್ದೋ, ನಾನು ತುಳಿದ ನೋವೋ? ಕೇಳಬಹುದಿತ್ತು, ಕೇಳಲಿಲ್ಲ. ಈಗ ಅವರಿಲ್ಲ. ನನಗೆ ಗೊತ್ತಿಲ್ಲ.