ನಾಲ್ಕನೇ ಮೂಲ್ಯಾಗಿನ ರೊಟ್ಟಿ

ಶೈಸ್ತಾ ಗಂಟು ಬಿಚ್ಚಿ ನೋಡಿದಳು. ಹೈದರಾಬಾದಿಗೆ ಕಳಿಸಿದ್ದ ನಲವತ್ತು ಕೌದಿ, ಒಂದೂ ಬಿಡದಂಗ ಶಹಾಬಾದಿಗೆ ವಾಪಸ್ ಬಂದಿದ್ವು. ಮ್ಯಾಲಿನ ಕೌದಿ ಜಾಡಿಸಿದಳು ನೋಡ್ರಿ, ಉದುರಿದವು ನುಸಿ! ಹಳೇ ಜ್ವಾಳದ ಚೀಲದಾಗ ಇರ್ತಾವಲ್ಲ, ಅವೇ ಕರೀ ನುಸಿ. ಅರಿವಿಗೂ ನುಸಿಗೂ ಏನ್ ಸಂಬಂಧ?

ಶೈಸ್ತಾ ಅಲ್ಲಿನ ಕೌದಿ ಕೇಂದ್ರ ನಡಸಾಕಿ. ತಾಯಿ ಖುರ್ಷಿದಬೇಗಂ ಹಳೇ ಸೀರಿ, ಚೂರು ಅರಿವಿ ಒಂದರ ಮ್ಯಾಲೊಂದು ಇಟ್ಟು ಊರ ಮಂದಿಗೆಲ್ಲ ಕೌದಿ ಹೊಲಿದು ಮಗಳನ್ನ ಬಿ.ಕಾಂ. ಓದಿಸಿದಳು. ಮಗಳು ಓದಿ, ಇಪ್ಪತ್ತೆರಡು ಹೆಣ್ಮಕ್ಕಳನ್ನ ಕೂಡಿಸಿ ಕೇಂದ್ರ ಕಟ್ಟಿದಳು. ಸುಳ್ಳ್ಯಾಕ ಹೇಳ್ಲಿ, ಗಟ್ಟಿಗಿತ್ತಿನೇ. ಆದ್ರ ಸೂಜಿ ಮಾತ್ರ ಅಕಿ ಎಂದೂ ಹಿಡಿದಾಕಿ ಅಲ್ಲ.

ಆಮ್ಯಾಲ ಕಲಬುರಗ್ಯಾಗ ಎಂಟು ತಿಂಗಳು, ಐತವಾರಕ್ಕೊಮ್ಮೆ, ನಾಯಕತ್ವದ ತರಬೇತಿ ಆತು. ಅಲ್ಲಿಂದ ಬಂದಾಕಿ ಕುರ್ಚಿ ಹಾಕ್ಸಿದಳು, ಗೋಡಿಗೆ ನಿಯಮ ಬರೆದು ಅಂಟಿಸಿದಳು, "ಶೈಸ್ತಾ ಅನಬ್ಯಾಡ್ರಿ, ಮೇಡಂ ಅನ್ರಿ" ಅಂದಳು. ಅಂದ್ರು ಪಾಪ. ಈಗ ಕೌದಿ ಕೊಳ್ಳೋ ಹೈದರಾಬಾದಿನ ಸಂಸ್ಥೆಯವರು ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳ್ಯಾಗೂ ಕೇಂದ್ರ ತೆಗೀತಾರಂತ, ಶಹಾಬಾದ ಸೇರಿ ಐದಕ್ಕೂ ಒಬ್ಬರೇ ಮುಖ್ಯಸ್ಥರಂತ. ಆ ಜಾಗಕ್ಕ ಶೈಸ್ತಾನ ಹೆಸರು ಮುಂದಿತ್ತು, ಬರೋ ಸೋಮವಾರ ಪಕ್ಕಾ ಆಗೋದಿತ್ತು. ಅಂಥಾದ್ರಾಗ ಈ ನುಸಿ!

ಎಲ್ಲರನ್ನೂ ಎದುರಿಗೆ ಕುಂದರಿಸಿ, ಒಂದು ಕೌದಿಯ ನುಸಿ ಮುತ್ತಿದ್ದ ಮೂಲಿ ಕತ್ರಿಲೇ ಕತ್ತರಿಸಿದಳು. ಒಳಗಿಂದ ಏನ್ ಬಿತ್ತು ಅಂತೀರಿ? ಜ್ವಾಳದ ರೊಟ್ಟಿ ಚೂರು!

"ಯಾ ಅಲ್ಲಾ! ಯಾರು ಮಾಡಿದ್ದು ಇದು? ಬಾಯಿ ಬಿಡ್ರಿ!"

ಎಲ್ಲಾರೂ ತಲಿ ತಗ್ಗಿಸಿದ್ರು. ಮೂಲ್ಯಾಗ ಕುಂತ ಹರೇದ ಹುಡುಗಿ ಮುಬೀನ ಅಂತೂ ದಾರದ ಉಂಡಿ ನೋಡ್ಕೋತ ಕುಂತುಬಿಟ್ಟಳು. ಕಡೀಕ ಅನಸುಬಾಯಿ ಎದ್ದು ನಿಂತಳು. ಪಕ್ಕದೂರು ಭಂಕೂರದಾಕಿ, ಅರವತ್ತು ದಾಟಿದಾಕಿ, ಅಲ್ಲಿದ್ದ ಅರ್ಧ ಮಂದಿಗೆ ಹೊಲಿಗಿ ಕಲಿಸಿದಾಕಿ.

"ನಾನ ರೀ ಮೇಡಂ."

"ಎಲ್ಲಾದ್ರಾಗೂ?"

"ಎಲ್ಲಾದ್ರಾಗೂ ನಾನ ರೀ."

ನಲವತ್ತು ಕೌದಿ ಒಬ್ಬಾಕಿ ಕೈಯಾಗ ಹ್ಯಾಂಗ ಹೋದವು ಅಂತ ಕೇಳಬೇಕೋ ಬ್ಯಾಡೋ? ಕೇಳಲಿಲ್ಲ, ಪುಣ್ಯಾತ್ಗಿತ್ತಿ! ತಪ್ಪು ಕಂಡ ಕೂಡ್ಲೇ ಕ್ರಮ ತಗೋಬೇಕಂತ ತರಬೇತಿ ನೋಟಬುಕ್ಕಿನಾಗ ಬರಕೊಂಡಿದ್ದಳಲ್ಲ. "ನಾಳಿಂದ ಬರಬ್ಯಾಡ್ರಿ" ಅಂದುಬಿಟ್ಟಳು. ಅನಸುಬಾಯಿ ಸೂಜಿ ದಾರದ ಉಂಡಿಗೆ ಚುಚ್ಚಿಟ್ಟು, ತಲಿ ಮ್ಯಾಲ ಸೆರಗು ಹೊತ್ತು ಹೊಂಟುಹೋದಳು.

ಮನಿಗೆ ಬಂದು ತಾಯಿ ಮುಂದ ಹೇಳಿದ್ರ ಖುರ್ಷಿದಬೇಗಂ ಬಾಯಿ ಮ್ಯಾಲ ಕೈ ಇಟ್ಟುಕೊಂಡಳು. "ಹಾಯ್ ಹಾಯ್, ಆ ಮುದುಕಿನ್ನ ಹೊರಗ ಹಾಕಿದಿಯಲ್ಲ! ಬಾ ಇಲ್ಲಿ." ಶೈಸ್ತಾ ಸಣ್ಣಾಕಿ ಇದ್ದಾಗಿಂದ ಹೊದ್ದ ಕೌದಿ ತಂದು, ಅದರ ನಾಲ್ಕನೇ ಮೂಲಿ ಹೊಲಿಗಿ ಬಿಚ್ಚಿದಳು. ಒಳಗ ಪುಡಿ ಪುಡಿ ಆದ ರೊಟ್ಟಿ!

ಶೈಸ್ತಾ ಆ ಪುಡಿ ಬೆರಳಿಲೇ ಮುಟ್ಟಿ ನೋಡಿದಳು. ಮೂವತ್ತು ವರ್ಷ ಹೊದ್ದು ಮಲಗಿದ್ದಳು, ಗೊತ್ತಿರಲಿಲ್ಲ.

"ಕೌದಿ ಹೊಟ್ಟಿ ಖಾಲಿ ಇರಬಾರದು, ಇದ್ರ ಹೊದ್ದವರೂ ಹಸಿದು ಮಲಗ್ತಾರ. ನಾನೂ ಹಾಕ್ತೀನಿ, ಅನಸುಬಾಯೀನೂ ಹಾಕ್ತಾಳ. ಕೌದಿ ಹೊಲಿಯೋರೆಲ್ಲ ಕಡೀ ಮೂಲಿ ಮುಚ್ಚೋ ಮುಂದ ಒಂದು ಚೂರು ಇಡ್ತೀವಿ."

"ಮತ್ತ ಇದಕ್ಕ್ಯಾಕ ನುಸಿ ಹತ್ತಿಲ್ಲ, ಅಮ್ಮೀ?"

"ವಾರಕ್ಕೊಮ್ಮೆ ಬಿಸಲಾಗ ಹಾಕ್ತೀವಲ್ಲ. ನೀನೇನ್ ಮಾಡಿದಿ?"

ಆವಾಗ ಅಕಿಗೆ ನೆನಪಾತು. ಮಳಿಗಾಲದಾಗ ಕೌದಿನೆಲ್ಲ ಪ್ಲಾಸ್ಟಿಕ್ಕಿನಾಗ ಬಿಗಿದು ತಿಂಗಳುಗಟ್ಟಲೆ ಇಡಿಸಿದಾಕಿ ತಾನೇ! "ಗಾಳಿ ಆಡಬೇಕ್ರಿ ಮೇಡಂ" ಅಂತ ಅನಸುಬಾಯಿ ಎರಡು ಸಲ ಹೇಳಿದ್ದಳು. "ಹೇಳಿದಷ್ಟು ಮಾಡ್ರಿ" ಅಂದಿದ್ದಳು ಶೈಸ್ತಾ. ನೆನಸಿಕೊಂಡ್ರ ನಾಚಿಕಿಲೇ ಸಾಯಬೇಕು ಅನ್ನಂಗಾತು.

ಮರುದಿನ ಮುಂಜಾನೆ ಟಂಟಂ ಆಟೋ ಹತ್ತಿ ಭಂಕೂರಕ್ಕ ಹೋದಳು. ಅನಸುಬಾಯಿ ಅಂಗಳದಾಗ ತೊಗರಿ ಹಸನ ಮಾಡ್ಲಿಕತ್ತಿದ್ದಳು.

"ಕಾಕು, ಎಲ್ಲಾರೂ ಹಾಕಿದ್ರಲ್ಲ. ನೀವೊಬ್ಬರೇ ಯಾಕ ಮೈಮ್ಯಾಲ ಹಾಕ್ಕೊಂಡ್ರಿ?"

"ಮುಬೀನಗ ಈ ಕೆಲಸ ಹೋದ್ರ ಬ್ಯಾರೆ ಏನದ? ನಂದೇನವ್ವ, ನಾಕು ದಿನದ ಮುದುಕಿ." ಮೊರ ಕೆಳಗಿಟ್ಟಳು. "ಯಾರು ಮಾಡಿದ್ರಿ ಅಂತ ಒದರಿದಿ. ಯಾಕ ಮಾಡಿದ್ರಿ ಅಂತ ಕೇಳಿದ್ರ ಇಪ್ಪತ್ತೆರಡೂ ಮಂದಿ ಹೇಳ್ತಿದ್ರು."

ಅಷ್ಟರಾಗ ಫೋನ್ ಬಂತು. ಹೈದರಾಬಾದಿನ ಸಂಸ್ಥೆಯ ಅಶೋಕಕುಮಾರ, ಆ ಜಾಗಕ್ಕ ಹೆಸರು ಕಳಿಸೋ ಮನಷ್ಯಾ. "ಯಾರ ತಪ್ಪು ಹೇಳ್ರಿ ಮೇಡಂ. ಅವರನ್ನ ತೆಗೆದಾರ ಅಂತ ಬರೆದು ಮುಗಿಸ್ತೀನಿ. ನಿಮಗೇನೂ ತ್ರಾಸ್ ಆಗಂಗಿಲ್ಲ."

ಅನಸುಬಾಯಿಗೆ ಎಲ್ಲಾ ಕೇಳಸ್ತಿತ್ತು. "ನನ್ನ ಹೆಸರು ಹೇಳು" ಅಂತ ಕೈಸನ್ನಿ ಮಾಡಿದಳು. ಒಂದು ಹೆಸರು ಹೇಳಿದ್ರ ಐದೂರಿನ ಯಜಮಾನಕಿ ಕೈಯಾಗ! ಶೈಸ್ತಾ ಅಕಿ ಕೈ ಹಿಡಿದು ಕೆಳಗಿಳಿಸಿದಳು.

"ಶೈಸ್ತಾ ಅಂತ ಬರಕೋರಿ. ಪ್ಲಾಸ್ಟಿಕ್ ಹಾಕ್ಸಿದಾಕಿ ನಾನು. ಅವರ ಮಾತು ಕೇಳದಾಕೀನೂ ನಾನು."

"ಹಂಗಂದ್ರ ಆ ಜಾಗಕ್ಕ ನಿಮ್ಮ ಹೆಸರು ಕಳಸ್ಲಿಕ್ಕೆ ಬರಂಗಿಲ್ಲರಿ."

"ಕಳಸಬ್ಯಾಡ್ರಿ. ಕೌದಿ ಮಾತ್ರ ಇನ್ನೊಮ್ಮೆ ನೋಡ್ರಿ." ಅಂವ ನೋಡ್ತೀನಿ ಅಂದು ಫೋನ್ ಇಟ್ಟ.

ಅನಸುಬಾಯಿ ಗಾಬರಿ ಆಗಿ ಎದ್ದೇಬಿಟ್ಟಳು. "ಏ ಹುಚ್ಚಿ! ಏನ್ ಮಾಡ್ಕೊಂಡಿ ಇದು!" ಬಾಯಿಗೆ ಬಂದಂಗ ಬೈದಳು. ಬೈಕೋತನೇ ಚಪ್ಪಲಿ ಮೆಟ್ಟಿ ಟಂಟಂ ಹತ್ತಿದಳು.

ಕೇಂದ್ರದಾಗ ಶೈಸ್ತಾ ಕುರ್ಚಿ ಹೊರಗಿಟ್ಟು ಚಾಪಿ ಮ್ಯಾಲ ಕುಂತಳು. ಕೌದಿ ಹೊಟ್ಟೀನೂ ತುಂಬಬೇಕು, ನುಸೀನೂ ಹತ್ತಬಾರದು, ಏನ್ ಮಾಡೋಣು ಅಂತ ಕೇಳಿದಳು. ಯಾರು ಮಾತಾಡಿದ್ರು ಗೊತ್ತೇನು? ಮುಬೀನ! "ರೊಟ್ಟಿ ಸುತ್ತಿಡ್ತೀವಲ್ಲ, ಆ ಅರಿವಿ ಒಗದು ಒಣಗಿಸಿ, ಅದರ ಚೂರು ಇಟ್ರ? ಎಷ್ಟು ಒಗದ್ರೂ ರೊಟ್ಟಿ ವಾಸನಿ ಅದರಾಗ ಇರ್ತದ." ಅನಸುಬಾಯಿ ಒಂದು ಗಳಿಗಿ ವಿಚಾರ ಮಾಡಿ, "ನಡೀತದ ಬಿಡ" ಅಂದಳು.

ಹದಿನೈದು ದಿನದಾಗ ನಲವತ್ತೂ ಬಿಚ್ಚಿ, ಒಗದು, ಬಿಸಲಿಗೆ ಹಾಕಿ, ಮತ್ತ ಹೊಲಿದ್ರು. ಐದೂರಿನ ಜಾಗಕ್ಕ ಬ್ಯಾರೆ ಯಾರನ್ನೋ ತಗೊಂಡ್ರಂತ ಸುದ್ದಿನೂ ಅಷ್ಟರಾಗ ಬಂತು. ಶೈಸ್ತಾ ಹೊರಗ ಹೋಗಿ ಸ್ವಲ್ಪ ಹೊತ್ತು ಅತ್ತು, ಮುಖ ತೊಳಕೊಂಡು ಒಳಗ ಬಂದಳು. ಕಡೀ ಕೌದಿ ಕಡೀ ಮೂಲಿ ಉಳಿದಿತ್ತು. ಅನಸುಬಾಯಿ ಸೂಜಿ-ದಾರ ಅಕಿ ಕೈಯಾಗ ಇಟ್ಟಳು.

ಶೈಸ್ತಾ ದಾರ ಹಿಡಿದು ಆ ಕಡೆ ಈ ಕಡೆ ತಿರುವಿದಳು. ಆಮ್ಯಾಲ ಸಣ್ಣ ದನ್ಯಾಗ ಕೇಳಿದಳು:

"ಕಾಕು, ಗಂಟು ಹ್ಯಾಂಗ ಹಾಕ್ತಾರ?"

ಇಪ್ಪತ್ತೆರಡೂ ಹೆಣ್ಮಕ್ಕಳು ಕೈಯಾಗಿನ ಕೆಲಸ ಬಿಟ್ಟು, ಬಾಯಿ ತೆರಕೊಂಡು ಅಕಿನ್ನೇ ನೋಡಿದ್ರು. ನುಸಿ ಬಿದ್ದಾಗೂ ಅವರು ಅಷ್ಟು ದಂಗ ಆಗಿರಲಿಲ್ಲ.