ಮಗ ಬರುವವರೆಗೆ ಆ ಕುಂಬಳಕಾಯಿ

ಐರ್ಲೆಂಡಿನ ಕಾರ್ಕ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ತೀರಿಕೊಂಡದ್ದು ಅಕ್ಟೋಬರ್ ಕೊನೆಗೆ, ಇನ್ನೇನು ಹ್ಯಾಲೋವೀನ್ ಹಬ್ಬ ಬಂತು ಅನ್ನುವಾಗ. ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಪ್ರತಿ ವರ್ಷ ಓಣಿಯ ಮಕ್ಕಳಿಗಾಗಿ ಅವರು ಕುಂಬಳಕಾಯಿ ಕೊರೆಯುತ್ತಿದ್ದರು. ತಿರುಳು, ಬೀಜ ತೆಗೆದು, ಕಣ್ಣು ಮೂಗು ಬಾಯಿ ಕತ್ತರಿಸಿ, ಒಳಗೆ ದೀಪ ಇಟ್ಟು ಬಾಗಿಲ ಮುಂದೆ ಕೂರಿಸುವರು. ಆ ವರ್ಷದ್ದನ್ನೂ ಕೊರೆದಿಟ್ಟೇ ಹೋಗಿದ್ದರು. ಶವ ನೋಡಲು ಬಂದವರೆಲ್ಲ ಅದರ ಪಕ್ಕದಲ್ಲೇ ಹಾದು ಒಳಗೆ ಹೋದರು. ಎತ್ತಿಡುವ ಮನಸ್ಸು ಯಾರಿಗೂ ಆಗಲಿಲ್ಲ.

ಒಬ್ಬನೇ ಮಗ ಆಸ್ಟ್ರೇಲಿಯಾದಲ್ಲಿದ್ದ. ಬೆನ್ನಿನ ಆಪರೇಷನ್ ಆಗಿ ಮಲಗಿದ್ದವನನ್ನು ವಿಮಾನ ಹತ್ತಲು ಡಾಕ್ಟರು ಬಿಡಲಿಲ್ಲ. ಮಣ್ಣಿಗೆ ಬರಲಾಗಲಿಲ್ಲ. ಇಲ್ಲಿ ಸತ್ತು ಒಂದು ತಿಂಗಳಾದಾಗ ಅವರ ಹೆಸರಿನಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ಅದಕ್ಕೆ ಬರುತ್ತೇನೆ ಎಂದಿದ್ದ.

ಮಣ್ಣು ಮುಗಿದ ಮರುದಿನ ಅಜ್ಜಿ ನಮ್ಮ ಬಾಗಿಲಿಗೆ ಬಂದರು. ಕುಂಬಳಕಾಯಿಯನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದರು.

"ನೀನು ಔಷಧಿ ಫ್ಯಾಕ್ಟರಿಯ ಲ್ಯಾಬಲ್ಲಿ ಇರೋಳಲ್ವಾ? ಬೂಷ್ಟು, ಕೊಳೆಯೋದು, ಇವೆಲ್ಲ ನಿನಗೆ ಗೊತ್ತಿರುತ್ತೆ. ಮಗ ಬರೋವರೆಗೂ ಇದು ಉಳಿಯುತ್ತಾ?"

ಕೊರೆದ ಕಾಯಿ ಒಂದು ವಾರ ತಾಳಿದರೆ ಹೆಚ್ಚು. ಹಾಗೆ ಹೇಳಲೆಂದೇ ಬಾಯಿ ತೆರೆದೆ, ಆಗಲಿಲ್ಲ. ನನ್ನ ಅಬ್ಬಾ ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ನಾನು ತುಂಬು ಗರ್ಭಿಣಿ. ಮಗಳು ಹುಟ್ಟಿ, ಅವಳನ್ನೆತ್ತಿಕೊಂಡು ಊರು ತಲುಪುವ ಹೊತ್ತಿಗೆ ನಲವತ್ತನೇ ದಿನದ ಫಾತಿಹಾ ಕೂಡ ಮುಗಿದಿತ್ತು. ಅಬ್ಬಾನ ಅಂಗಿಗಳನ್ನು ಬಡವರಿಗೆ ಕೊಟ್ಟಾಗಿತ್ತು, ಕೋಣೆಗೆ ಸುಣ್ಣ ಬಳಿದಾಗಿತ್ತು. ಎಲ್ಲರೂ ಅತ್ತು ಮುಗಿಸಿದ ಮನೆಯಲ್ಲಿ ನಾನೊಬ್ಬಳೇ ಅಳಬೇಕಾಯಿತು.

"ಪ್ರಯತ್ನ ಮಾಡ್ತೀನಿ. ಮಾತು ಕೊಡೋಕಾಗಲ್ಲ," ಎಂದೆ.

"ಗ್ರ್ಯಾಂಡ್," ಎಂದು, ಇಲ್ಲಿಯವರು 'ಆಯ್ತು, ಅಷ್ಟು ಸಾಕು' ಅನ್ನುವ ರೀತಿಯಲ್ಲಿ ಹೇಳಿ, ಟವೆಲಿನ ಸಮೇತ ನನ್ನ ಕೈಗೆ ಕೊಟ್ಟರು.

ಮೊದಲು ಒಳಗೆ ಉಳಿದಿದ್ದ ನಾರನ್ನೆಲ್ಲ ಚಮಚದಿಂದ ಕೆರೆದು ತೆಗೆದೆ. ಬೂಷ್ಟು ಹಿಡಿಯುವುದು ಅಲ್ಲಿಂದಲೇ. ಬಕೆಟ್ ನೀರಿಗೆ ತುಸು ಬ್ಲೀಚ್ ಹಾಕಿ ಅದರಲ್ಲಿ ಅದ್ದಿಟ್ಟೆ. ಬಟ್ಟೆಯ ಮೇಲೆ ಬೋರಲು ಹಾಕಿ ಚೆನ್ನಾಗಿ ಆರಿಸಿ, ಕತ್ತರಿಸಿದ ಅಂಚಿಗೆಲ್ಲ ಬೆರಳಿನಿಂದ ವ್ಯಾಸಲೀನ್ ಸವರಿದೆ, ಬೇಗ ಬಾಡದಿರಲಿ ಎಂದು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟೆ.

"ಹಾಲು, ತರಕಾರಿ ಎಲ್ಲಿಡೋದು?" ಎಂದರು ನಮ್ಮನೆಯವರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಎಲ್ಲವನ್ನೂ ಹಿತ್ತಲ ಶೆಡ್ಡಿನಲ್ಲಿಟ್ಟು ಬಂದರು. ನವೆಂಬರಿನ ಚಳಿಗೆ ಅಲ್ಲೂ ಏನೂ ಕೆಡಲಿಲ್ಲ.

ಅಜ್ಜಿ ದಿನಾ ಸಂಜೆ ಬರುತ್ತಿದ್ದರು. ಚೀಲ ಬಿಚ್ಚಿ ಇಬ್ಬರೂ ನೋಡುತ್ತಿದ್ದೆವು. ಕಪ್ಪು ಚುಕ್ಕೆ ಕಂಡಲ್ಲಿ ಕೆರೆದು ಮತ್ತೆ ಬ್ಲೀಚ್ ಒರೆಸುತ್ತಿದ್ದೆ. ಬಾಡಿ ಸುಕ್ಕಾದಾಗ ತಣ್ಣೀರಿನಲ್ಲಿ ನೆನೆಹಾಕಿದರೆ ಸ್ವಲ್ಪ ಗಟ್ಟಿಯಾಗುತ್ತಿತ್ತು. ಅದು ನೆನೆಯುವಷ್ಟು ಹೊತ್ತು ಅಜ್ಜಿ ಗಂಡನ ವಿಷಯ ಮಾತಾಡುವರು. ಕೊನೆಯ ವಾರ ನೆನೆಹಾಕಿದರೂ ಪ್ರಯೋಜನವಾಗಲಿಲ್ಲ. ಒಂದು ಕಣ್ಣು ಮೂಗಿನ ಮೇಲೆ ಕುಸಿಯಿತು.

"ಅವರೂ ಕೊನೆಕೊನೆಗೆ ಹೀಗೇ ಕುಗ್ಗಿಹೋಗಿದ್ರು," ಎಂದರು ಅಜ್ಜಿ. "ವಯಸ್ಸಾಯ್ತಲ್ಲ, ಅದಕ್ಕೇ ಅಂತ ನಾನು ಅಂದ್ಕೊಂಡೆ."

ಮಗ ಬಂದ ದಿನ ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ನಾನೇ ಅದನ್ನು ಇಟ್ಟೆ. "ಆಕಾರ ಉಳೀಲಿಲ್ಲ," ಎಂದೆ. ಆತ ಕೋಲೂರಿಕೊಂಡು ನಿಂತು ನೋಡಿದ. ಎತ್ತರದ ಆಳು, ಗಡ್ಡದಲ್ಲಿ ಆಗಲೇ ಬಿಳಿ. ಬಾಯಿಯ ಹಲ್ಲುಗಳ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದ. ಅಲ್ಲಲ್ಲಿ ಚಾಕು ಜಾರಿದ ಗೀರುಗಳಿದ್ದವು.

"ಅಪ್ಪ ಇದನ್ನ ಒಂದೇ ಸಲ ಕೂತು ಕೊರೆದ್ರಾ?" ಎಂದು ತಾಯಿಯನ್ನು ಕೇಳಿದ.

"ಇಲ್ಲ. ಎರಡು ಸಂಜೆ ಹಿಡೀತು. ಮಧ್ಯೆ ಮಧ್ಯೆ ಚಾಕು ಕೆಳಗಿಟ್ಟು ಸುಮ್ನೆ ಕೂರ್ತಿದ್ರು."

"ಫೋನಲ್ಲಿ ನನಗೆ ಚೆನ್ನಾಗಿದೀನಿ ಅಂತಿದ್ರು."

"ನನಗೂ ಹಾಗೇ ಅಂತಿದ್ರು ಕಣೋ."

ಆತ ಕುರ್ಚಿ ಎಳೆದು ಕೂತ. ಆಗ ಅತ್ತ. ಅಜ್ಜಿ ಅವನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡು ನಿಂತರು. ನಾನು ಹಿತ್ತಲ ಬಾಗಿಲಿನಿಂದ ಹೊರಗೆ ಬಂದೆ.

ತಿಂಗಳ ಪ್ರಾರ್ಥನೆಗೆ ನಾವೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಪಾದ್ರಿ ಅಜ್ಜನ ಹೆಸರು ಓದಿದಾಗ ನಾನು ನನಗೆ ಬರುವ ದುವಾ ಮನಸ್ಸಿನಲ್ಲೇ ಹೇಳಿಕೊಂಡೆ. ಮನೆಗೆ ಬಂದ ಮೇಲೆ ಮಗ ಸಲಿಕೆ ಹಿಡಿದು ಅಜ್ಜಿಯ ಹಿತ್ತಲ ಬೇಲಿಯ ಬುಡದಲ್ಲಿ ಗುಂಡಿ ತೋಡಲು ಹೊರಟ. ಬೆನ್ನು ಬಗ್ಗಲಿಲ್ಲ. ನಮ್ಮನೆಯವರು ಅವನ ಕೈಯಿಂದ ಸಲಿಕೆ ಇಸಿದುಕೊಂಡು ತೋಡಿದರು. ಕುಂಬಳಕಾಯಿಯನ್ನು ಗುಂಡಿಗೆ ಇಳಿಸಿದ್ದು ಮಾತ್ರ ಅಜ್ಜಿ, ಮಂಡಿಯೂರಿ, ಎರಡೂ ಕೈಯಲ್ಲಿ.

ಮರುವರ್ಷ ಹ್ಯಾಲೋವೀನಿಗೆ ಅಜ್ಜಿಯ ಬಾಗಿಲ ಮುಂದೆ ಏನೂ ಇರಲಿಲ್ಲ. ಆದರೆ ಒಳಗೆ ದೀಪ ಹಚ್ಚಿಕೊಂಡು, ಆ ರಾತ್ರಿಯ ರೂಢಿಯಂತೆ ಸಿಹಿ ಕೇಳಿಕೊಂಡು ಬಂದ ಮಕ್ಕಳಿಗೆಲ್ಲ ಚಾಕೊಲೇಟ್ ಕೊಟ್ಟರು.